ಲಂಡನ್ ನೋಡಲು ಹೋದವರಿಗೆ ಸೈಕಲ್: ಕೆಂಪೋ, ಹಸಿರೋ, ಬಸ್ಸೇ ಸಾಕೋ?

ಮಕ್ಕಳ ಮನೆಗೆಂದು ಲಂಡನ್ನಿಗೆ ಹೋಗುವ ನಮ್ಮ ವಯಸ್ಸಿನವರ ಪಾಡು ಹೆಚ್ಚುಕಡಿಮೆ ಒಂದೇ. ಸೋಮವಾರದಿಂದ ಶುಕ್ರವಾರದವರೆಗೆ ಮನೆಯೊಳಗೆ ಇರುವುದು, ವಾರದ ಕೊನೆಯಲ್ಲಿ ಮಕ್ಕಳ ಜೊತೆ ಊರು ನೋಡುವುದು. 2024ರ ಜೂನ್‌ನಲ್ಲಿ ನಾವಿಬ್ಬರೂ ಹೌನ್ಸ್ಲೋದಲ್ಲಿರುವ ಮಗಳ ಮನೆಗೆ ಹೋದಾಗ ಮೊದಲ ವಾರ ಹಾಗೆಯೇ ಕಳೆಯಿತು. ‘ಅಮ್ಮ, ಶನಿವಾರ ಬರಲಿ, ನಾನೇ ಕರೆದುಕೊಂಡು ಹೋಗುತ್ತೇನೆ’ ಎಂದು ಮಗಳು ದಿನಾ ಹೇಳುತ್ತಿದ್ದಳು. ಹೊರಗೆ ರಾತ್ರಿ ಒಂಬತ್ತರವರೆಗೂ ಬೆಳಕು. ಒಳಗೆ ನಾವು ಕಿಟಕಿಯ ಬಳಿ ಕುಳಿತಿದ್ದೆವು. ಎರಡನೆಯ ವಾರ ನಾನು ಬಾಡಿಗೆ ಸೈಕಲ್ ಹಿಡಿದೆ. ಆಮೇಲೆ ಶನಿವಾರಕ್ಕಾಗಿ ಕಾಯಬೇಕಾಗಲಿಲ್ಲ.

ನನ್ನಂತೆ ಹೋಗುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸೈಕಲ್ ತುಳಿಯಲು ಬರುತ್ತದೆ, ಮಂಡಿ ಸಹಕರಿಸುತ್ತದೆ ಎಂದಾದರೆ ಲಂಡನ್ನಿನ ನಡುಭಾಗವನ್ನು ಸೈಕಲ್ ಮೇಲೆ ನೋಡುವಷ್ಟು ಚೆನ್ನಾಗಿ ಬೇರೆ ಯಾವುದರಿಂದಲೂ ನೋಡಲಾಗದು. ನಮಗೆ ಒಂದು ದೊಡ್ಡ ಅನುಕೂಲವೂ ಇದೆ. ಅಲ್ಲಿಯೂ ಎಡಗಡೆಯೇ ಸಂಚಾರ. ಪ್ಯಾರಿಸ್ಸಿನಲ್ಲಿ ಇಂಥದೇ ವ್ಯವಸ್ಥೆ 2007ರಿಂದಲೂ ಇದೆ, ಆದರೆ ಅಲ್ಲಿ ಬಲಗಡೆ ಹೋಗಬೇಕು. ಪ್ರತಿ ತಿರುವಿನಲ್ಲೂ ನಮ್ಮ ಕಣ್ಣು ತಪ್ಪು ದಿಕ್ಕಿಗೇ ಹೋಗುತ್ತದೆ. ಎರಡೂ ಊರುಗಳಿಗೆ ಹೋಗುವವರು ಲಂಡನ್ನಿನಲ್ಲಿ ಮೊದಲು ತುಳಿದು ಧೈರ್ಯ ತಂದುಕೊಳ್ಳಲಿ.

ಆಯ್ಕೆ ಮುಖ್ಯವಾಗಿ ಮೂರು. ನಗರದ ಸಾರಿಗೆ ಸಂಸ್ಥೆ ನಡೆಸುವ ಕೆಂಪು ಸೈಕಲ್, ಖಾಸಗಿ ಕಂಪನಿಗಳ ಹಸಿರು ಬ್ಯಾಟರಿ ಸೈಕಲ್, ಮತ್ತು ಸೈಕಲ್ಲೇ ಬೇಡ ಎಂದರೆ ಬಸ್ಸು. ನಾಲ್ಕನೆಯದಾಗಿ ಅಂಗಡಿಯಲ್ಲಿ ದಿನದ ಬಾಡಿಗೆಗೆ ಸಿಗುವ ಸೈಕಲ್ಲೂ ಇದೆ. ಅದು ರಿಚ್ಮಂಡ್ ಪಾರ್ಕಿನಂಥ ಕಡೆ ಇಡೀ ದಿನ ತುಳಿಯುವವರಿಗೆ ಸರಿ. ಊರು ನೋಡಲು ಬಂದವರು ನಿಂತಲ್ಲೆಲ್ಲ ಬೀಗ ಹಾಕಿ, ಕಳುವಾದೀತೆಂದು ಹಿಂತಿರುಗಿ ನೋಡುತ್ತಲೇ ಇರಬೇಕಾಗುತ್ತದೆ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಕೆಂಪು ಸೈಕಲ್

ಇದರ ಈಗಿನ ಹೆಸರು ಸ್ಯಾಂಟ್ಯಾಂಡರ್ ಸೈಕಲ್ಸ್. 2010ರ ಜುಲೈ 30ರಂದು ಬೇರೊಂದು ಬ್ಯಾಂಕಿನ ಪ್ರಾಯೋಜಕತ್ವದಲ್ಲಿ ನೀಲಿ ಬಣ್ಣದಲ್ಲಿ ಆರಂಭವಾಯಿತು. 2015ರಲ್ಲಿ ಪ್ರಾಯೋಜಕರು ಬದಲಾಗಿ ಕೆಂಪಾಯಿತು. ಸುಮಾರು 800 ನಿಲ್ದಾಣಗಳು, 12,000 ಸೈಕಲ್‌ಗಳು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಬಂದ ಟ್ರಿಣ್ ಟ್ರಿಣ್ ಸೈಕಲ್ ಹಿಡಿದವರಿಗೆ ಇದರ ರೀತಿ ಹೊಸದೆನಿಸುವುದಿಲ್ಲ: ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಬೇರೆ ಯಾವುದೇ ನಿಲ್ದಾಣದಲ್ಲಿ ಬಿಡಬಹುದು, ಆದರೆ ನಿಲ್ದಾಣದಲ್ಲೇ ಬಿಡಬೇಕು.

ಮೊಬೈಲ್ ಆ್ಯಪ್ ಇದ್ದರೆ ಸುಲಭ. ಇಲ್ಲದಿದ್ದರೂ ತೊಂದರೆಯಿಲ್ಲ, ನಿಲ್ದಾಣದ ಕಂಬದಲ್ಲಿರುವ ಯಂತ್ರಕ್ಕೆ ಬ್ಯಾಂಕ್ ಕಾರ್ಡ್ ಕೊಟ್ಟರೆ ಐದಂಕಿಯ ಸಂಖ್ಯೆ ಸಿಗುತ್ತದೆ. ಸೈಕಲ್ ಸಿಕ್ಕಿಸಿರುವ ಗೂಟದ ಎಡಬದಿಯಲ್ಲಿ ಮೂರೇ ಗುಂಡಿಗಳು: ಒಂದು, ಎರಡು, ಮೂರು. ಕೊಟ್ಟ ಸಂಖ್ಯೆಯಲ್ಲಿ ಈ ಮೂರು ಅಂಕಿಗಳೇ ಹಿಂದುಮುಂದಾಗಿರುತ್ತವೆ. ಹತ್ತು ನಿಮಿಷದೊಳಗೆ ಒತ್ತಬೇಕು. ಒತ್ತಿದ ಮೇಲೆ ಹಸಿರು ದೀಪ ಬರುತ್ತದೆ. ಆಗ ಹ್ಯಾಂಡಲ್ ಹಿಡಿದು ಎಳೆದರೆ ಸೈಕಲ್ ಕದಲುವುದಿಲ್ಲ. ಸೀಟಿನ ಕೆಳಗೆ ಕೈ ಕೊಟ್ಟು, ಹಿಂದಿನ ಚಕ್ರವನ್ನು ತುಸು ಎತ್ತಿ, ಒಂದೇ ಬಾರಿ ಹಿಂದಕ್ಕೆ ಜಗ್ಗಬೇಕು. ಕಟಕ್ಕೆಂದು ಕಳಚಿಕೊಳ್ಳುತ್ತದೆ. ಸೈಕಲ್ ಸುಮಾರು 23 ಕಿಲೋ ಭಾರ. ಮೊದಲ ಸಲ ಅದರ ತೂಕಕ್ಕೆ ಗಾಬರಿಯಾಗುತ್ತದೆ, ನಾಲ್ಕು ಸುತ್ತು ತುಳಿದ ಮೇಲೆ ಆ ಭಾರವೇ ಅಲುಗಾಡದಂತೆ ಹಿಡಿದುಕೊಳ್ಳುತ್ತದೆ.

ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕು. ಇದು ನಾವು ಲೇಡೀಸ್ ಸೈಕಲ್ ಎನ್ನುತ್ತಿದ್ದ ಮಾದರಿಯದು, ನಡುವೆ ಅಡ್ಡಪಟ್ಟಿ ಇಲ್ಲ. ಕಾಲು ಎತ್ತಿ ಹಾಯಿಸಬೇಕಾಗಿಲ್ಲ. ಚೈನಿಗೆ ಕವಚವಿದೆ. ಆದರೂ ಸೀರೆ ಬೇಡ, ದುಪಟ್ಟಾ ಇಳಿಬಿಡುವುದೂ ಬೇಡ. ಮುಂದುಗಡೆ ಚೀಲ ಇಟ್ಟು ಎಲಾಸ್ಟಿಕ್ ಪಟ್ಟಿಯಿಂದ ಬಿಗಿಯುವ ಜಾಗವಿದೆ. ನೀರಿನ ಬಾಟಲಿ, ಸ್ವೆಟರ್, ಕೊಡೆ ಹಿಡಿಸುತ್ತವೆ. ಮೂರು ಗೇರ್ ಇವೆ, ದೀಪಗಳು ತಾವೇ ಉರಿಯುತ್ತವೆ. ಬೀಗ ಇಲ್ಲ. ಹಾಗಾಗಿ ‘ಇಲ್ಲೇ ಅಂಗಡಿಗೆ ಹೋಗಿ ಬರುತ್ತೇನೆ’ ಎಂದು ಗೋಡೆಗೆ ಒರಗಿಸಿ ಹೋಗುವಂತಿಲ್ಲ. ಸೈಕಲ್ ಕಳೆದುಹೋದರೆ, 24 ಗಂಟೆಯೊಳಗೆ ಹಿಂದಿರುಗದಿದ್ದರೆ 300 ಪೌಂಡ್‌ವರೆಗೆ ದಂಡ ಬೀಳಬಹುದು. ಒಂದು ಪೌಂಡ್ ಎಂದರೆ ನೂರು ರೂಪಾಯಿಗೂ ಹೆಚ್ಚು ಎಂಬುದು ನೆನಪಿರಲಿ.

ದರ ಹೀಗಿತ್ತು: ಒಂದು ಸವಾರಿಗೆ ಅರ್ಧ ಗಂಟೆವರೆಗೆ 1.65 ಪೌಂಡ್, ಮುಂದಿನ ಪ್ರತಿ ಅರ್ಧ ಗಂಟೆಗೆ ಮತ್ತೆ ಅಷ್ಟೇ. ಆ ವರ್ಷವೇ 3 ಪೌಂಡ್‌ನ ದಿನದ ಪಾಸ್ ಬಂದಿತ್ತು. ಅದರಲ್ಲಿ 24 ಗಂಟೆಯೊಳಗೆ ಅರ್ಧ ಗಂಟೆಯ ಸವಾರಿಗಳನ್ನು ಎಷ್ಟು ಬೇಕಾದರೂ ಮಾಡಬಹುದು. ಎರಡನೆಯ ಸವಾರಿಗೇ ಪಾಸು ಅಗ್ಗವಾಯಿತೆಂದು ನೀವೇ ಲೆಕ್ಕ ಹಾಕಿ. ಈಗಿನ ದರ ಯಂತ್ರದ ಪರದೆಯ ಮೇಲೆ ಕಾಣುತ್ತದೆ, ಹಣ ಕೊಡುವ ಮೊದಲು ಓದಿಕೊಳ್ಳಿ. 2022ರಿಂದ ಇದರಲ್ಲಿ ಬ್ಯಾಟರಿ ಸೈಕಲ್‌ಗಳೂ ಇವೆ. ಅವಕ್ಕೆ ಆಗ ಅರ್ಧ ಗಂಟೆಗೆ ದುಪ್ಪಟ್ಟು, 3.30 ಪೌಂಡ್ ಇತ್ತು.

ಆ ಅರ್ಧ ಗಂಟೆಯ ಮಿತಿಯನ್ನು ಕಿರಿಕಿರಿ ಎಂದುಕೊಳ್ಳಬೇಡಿ. ಹಾಸನದಲ್ಲಿ ನಾನು ಚಿಕ್ಕವಳಿದ್ದಾಗ ಸೈಕಲ್ ಶಾಪಿನವರು ನೋಟ್‌ಬುಕ್ಕಿನಲ್ಲಿ ಹೆಸರನ್ನೂ ಹೊತ್ತನ್ನೂ ಬರೆದುಕೊಂಡು ಬಾಡಿಗೆ ಸೈಕಲ್ ಕೊಡುತ್ತಿದ್ದರು. ಹೊತ್ತು ಮೀರದಂತೆ ಎಷ್ಟು ದೂರ ಹೋಗಿ ಬರಬಹುದೆಂಬ ಅಂದಾಜು ನಮ್ಮ ಕಾಲಿಗೇ ತಿಳಿದಿರುತ್ತಿತ್ತು. ಇಲ್ಲಿಯೂ ಎರಡು ಮೂರು ಸವಾರಿಯಲ್ಲಿ ಅದು ಬರುತ್ತದೆ. ನಿಲ್ದಾಣಗಳು ನಾಲ್ಕೈದು ನಿಮಿಷದ ನಡಿಗೆಗೊಂದರಂತೆ ಇರುವುದರಿಂದ, ನೋಡಬೇಕಾದ ಜಾಗ ಬಂದ ಕೂಡಲೇ ಸೈಕಲ್ ಬಿಟ್ಟು, ನಿಧಾನವಾಗಿ ನೋಡಿ, ಹೊರಡುವಾಗ ಬೇರೆಯದನ್ನು ಹಿಡಿಯುವುದು. ಕೈಯಲ್ಲಿ ಸೈಕಲ್ ಇಲ್ಲದೆ ಇರುವ ಆ ಹೊತ್ತೇ ನಿಜವಾಗಿ ಊರು ನೋಡುವ ಹೊತ್ತು.

ಬಿಡುವಾಗಿನ ಮಾತು ಇನ್ನೂ ಮುಖ್ಯ. ಮುಂದಿನ ಚಕ್ರವನ್ನು ಗೂಟದೊಳಕ್ಕೆ ಬಲವಾಗಿ ತಳ್ಳಿ, ಹಸಿರು ದೀಪ ಬರುವವರೆಗೆ ನಿಲ್ಲಿ. ಆ ದೀಪ ಬಂದರಷ್ಟೇ ನಿಮ್ಮ ಲೆಕ್ಕ ಮುಗಿಯಿತು. ಬಂದ ಮೇಲೂ ಒಮ್ಮೆ ಎಳೆದು ನೋಡುವುದು ನನ್ನ ಅಭ್ಯಾಸ. ಬ್ರೇಕು, ಟೈರು ಕೆಟ್ಟಿದ್ದರೆ ಗೂಟದ ಮೇಲೆ ದೋಷ ತಿಳಿಸುವ ಗುಂಡಿ ಇದೆ, ಒತ್ತಿ ಬನ್ನಿ, ಮುಂದಿನವರು ಬಚಾವಾಗುತ್ತಾರೆ. ನಿಲ್ದಾಣ ತುಂಬಿದ್ದರೆ ಯಂತ್ರದಲ್ಲಿ ಹಾಗೆಂದು ಒತ್ತಿದರೆ ಹದಿನೈದು ನಿಮಿಷ ಹೆಚ್ಚಿಗೆ ಕೊಟ್ಟು, ಹತ್ತಿರದಲ್ಲಿ ಎಲ್ಲಿ ಖಾಲಿ ಇದೆಯೆಂದು ತೋರಿಸುತ್ತದೆ.

ಹಸಿರು ಸೈಕಲ್

ಲೈಮ್, ಫಾರೆಸ್ಟ್ ಮುಂತಾದ ಕಂಪನಿಗಳ ಸೈಕಲ್‌ಗಳಿಗೆ ನಿಲ್ದಾಣದ ಗೂಟವಿಲ್ಲ. ಬೀದಿ ಬದಿಯಲ್ಲಿ ನಿಂತಿರುತ್ತವೆ. ಆ್ಯಪ್ ತೆರೆದು ಸ್ಕ್ಯಾನ್ ಮಾಡಿದರೆ ಬೀಗ ಬಿಚ್ಚಿಕೊಳ್ಳುತ್ತದೆ. ಎಲ್ಲವೂ ಬ್ಯಾಟರಿ ಸೈಕಲ್‌ಗಳು. ಏರು ರಸ್ತೆಯಲ್ಲಿ ಹಿಂದಿನಿಂದ ಯಾರೋ ತಳ್ಳಿದಂತೆ ಓಡುತ್ತವೆ. ಮಂಡಿ ನೋವಿನವರಿಗೆ ಇದು ಸಣ್ಣ ಅನುಕೂಲವೇನಲ್ಲ.

ಆದರೂ ಹೊರಗಿನಿಂದ ಬಂದವರಿಗೆ ನಾನು ಇದನ್ನು ಎರಡನೆಯ ಆಯ್ಕೆಯಾಗಿಯೇ ಹೇಳುತ್ತೇನೆ. ಮೊದಲ ಕಾರಣ ದುಡ್ಡು. ಇಲ್ಲಿ ನಿಮಿಷಕ್ಕಿಷ್ಟು ಎಂದು ಲೆಕ್ಕ. ಪಾಸ್ ಇಲ್ಲದೆ ಅರ್ಧ ಗಂಟೆ ತುಳಿದರೆ ಕೆಂಪು ಸೈಕಲ್ಲಿನ ಹಲವು ಪಟ್ಟು ಆಗುತ್ತದೆ. ಸಿಗ್ನಲ್‌ನಲ್ಲಿ ನಿಂತಿದ್ದರೂ, ಸೇತುವೆಯ ಮೇಲೆ ನದಿ ನೋಡುತ್ತಿದ್ದರೂ ಮೀಟರ್ ಓಡುತ್ತಿರುತ್ತದೆ. ಎರಡನೆಯದು ಬಿಡುವ ಜಾಗ. ‘ಎಲ್ಲಿ ಬೇಕಾದರೂ ಬಿಡಬಹುದು’ ಎಂದು ಜನ ಹೇಳುತ್ತಾರೆ, ಅದು ಅರ್ಧ ಸತ್ಯ. ಲಂಡನ್ನಿನಲ್ಲಿ 32 ಬರೋಗಳು, ಎಂದರೆ ಸ್ಥಳೀಯ ಆಡಳಿತದ ವಿಭಾಗಗಳು, ಅವುಗಳ ಜೊತೆಗೆ ಬ್ಯಾಂಕು, ಕಚೇರಿಗಳಿರುವ ಹಳೆಯ ಸಿಟಿ. ಒಂದೊಂದರ ನಿಯಮವೂ ಬೇರೆ. ವೆಸ್ಟ್‌ಮಿನ್‌ಸ್ಟರ್‌ನಂಥ ಕಡೆ ಗುರುತು ಹಾಕಿದ ಚೌಕದಲ್ಲೇ ನಿಲ್ಲಿಸಿ ಫೋಟೊ ತೆಗೆದು ಕಳುಹಿಸಬೇಕು, ತಪ್ಪಿದರೆ ದಂಡ. ಊರು ಬಲ್ಲವರಿಗೆ ಆ ಚೌಕಗಳು ಗೊತ್ತು. ನಮಗೆ ಗೊತ್ತಿರುವುದಿಲ್ಲ, ನಿಮಿಷ ಓಡುತ್ತಿರುವಾಗ ಮೊಬೈಲ್ ಹಿಡಿದು ಬೀದಿ ಬೀದಿ ಹುಡುಕಬೇಕಾಗುತ್ತದೆ. ಕುರುಡರು, ಗಾಲಿಕುರ್ಚಿಯವರು ಓಡಾಡುವ ಫುಟ್‌ಪಾತ್‌ಗೆ ಅಡ್ಡವಾಗಿ ಬಿದ್ದ ಸೈಕಲ್‌ಗಳನ್ನು ಕಂಡಾಗಲೆಲ್ಲ ನನ್ನ ಮನಸ್ಸಿಗೆ ನೋವಾಗುತ್ತಿತ್ತು. ಎಲ್ಲಿ ಹತ್ತಬೇಕೆಂದು ಯೋಚಿಸುವ ಮೊದಲು ಎಲ್ಲಿ ಬಿಡಬೇಕೆಂದು ಯೋಚಿಸಿ. ಯಾವ ಬಣ್ಣದ ಸೈಕಲ್ ಎಂಬುದು ಅಲ್ಲಿಗೇ ತೀರ್ಮಾನವಾಗುತ್ತದೆ.

ಹಸಿರೇ ಸರಿ ಎನ್ನಬಹುದಾದ ಸಂದರ್ಭವೂ ಇದೆ. ಕೆಂಪು ಸೈಕಲ್‌ನ ನಿಲ್ದಾಣಗಳು ಊರಿನ ನಡುಭಾಗದಲ್ಲಷ್ಟೇ. ನಮ್ಮವರು ಹೆಚ್ಚಾಗಿರುವ ಹ್ಯಾರೋ, ಹೌನ್ಸ್ಲೋ, ಸ್ಲೌ ಕಡೆ ಅವು ಸಿಗುವುದಿಲ್ಲ, ಹೀಥ್ರೂ ವಿಮಾನ ನಿಲ್ದಾಣದಲ್ಲೂ ಇಲ್ಲ. ನೀವು ಹೋಗುವ ಮನೆ ಕೆಂಪು ನಿಲ್ದಾಣಗಳ ಎಲ್ಲೆಯ ಆಚೆ ಇದ್ದು, ಹತ್ತಿರದಲ್ಲಿ ಹಸಿರು ಸೈಕಲ್ ಬಿಡುವ ಚೌಕವಿದೆ ಎಂದು ಆ್ಯಪ್ ತೋರಿಸಿದರೆ ಆಗ ಹಿಡಿಯಿರಿ. ಫಾರೆಸ್ಟ್ ಕಂಪನಿ ದಿನಕ್ಕೆ ಹತ್ತು ನಿಮಿಷ ಉಚಿತವಾಗಿ ಕೊಡುತ್ತಿತ್ತು. ರೈಲಿನಿಂದ ಇಳಿದು ಮನೆ ಸೇರುವ ಒಂದೆರಡು ಕಿಲೋಮೀಟರಿಗೆ ಅಷ್ಟು ಸಾಕು.

ಬಸ್ಸು

ನಮ್ಮ ಯಜಮಾನರು ಬಸ್ಸಿನ ಪಕ್ಷ. ಅವರ ವಾದದಲ್ಲಿ ಹುರುಳಿಲ್ಲದಿಲ್ಲ. 2024ರಲ್ಲಿ ಎಷ್ಟು ದೂರ ಹೋದರೂ 1.75 ಪೌಂಡ್, ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಅದೇ ಟಿಕೆಟ್, ದಿನವಿಡೀ ಓಡಾಡಿದರೂ ಬಸ್ಸಿಗೆ 5.25 ಪೌಂಡ್‌ಗಿಂತ ಹೆಚ್ಚು ಕೀಳುತ್ತಿರಲಿಲ್ಲ. ಮಹಡಿ ಬಸ್ಸಿನ ಮೇಲಿನ ಮುಂದಿನ ಸೀಟು ಸಿಕ್ಕರೆ ಅದೊಂದು ಸುಖವೇ. ಮೊಮ್ಮಕ್ಕಳು ಜೊತೆಗಿದ್ದರೆ ಬಸ್ಸು ಬಿಟ್ಟು ಬೇರೆ ಯೋಚನೆ ಬೇಡ: 11 ವರ್ಷದೊಳಗಿನ ಮಕ್ಕಳಿಗೆ ಬಸ್ ಉಚಿತ, ಕೆಂಪು ಸೈಕಲ್ಲನ್ನಾದರೋ 14 ತುಂಬದವರು ತುಳಿಯುವಂತಿಲ್ಲ, ಬಾಡಿಗೆಗೆ ಪಡೆಯುವವರಿಗೆ 18 ಆಗಿರಬೇಕು. ಜಿಟಿಜಿಟಿ ಮಳೆಯಲ್ಲೂ ಬಸ್ಸೇ ಸರಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವಾಗಲೂ ಹೊಸಬರು ಸೈಕಲ್ ಹಿಡಿಯದಿರುವುದು ಒಳ್ಳೆಯದು.

ಒಂದು ದಿನ ಹೈಡ್ ಪಾರ್ಕ್ ಕಾರ್ನರ್‌ನಲ್ಲಿ ಇಬ್ಬರೂ ಬೇರೆಯಾದೆವು. ಅವರು 148ನೇ ನಂಬರಿನ ಬಸ್ ಹತ್ತಿದರು, ನಾನು ಕೆಂಪು ಸೈಕಲ್. ಪಾರ್ಲಿಮೆಂಟ್ ಚೌಕದಲ್ಲಿ ಸೇರುವುದೆಂದು ಮಾತಾಗಿತ್ತು. ವಿಕ್ಟೋರಿಯಾದ ವಾಹನ ದಟ್ಟಣೆಯಲ್ಲಿ ಬಸ್ಸು ತೆವಳಿಕೊಂಡು ಬರುವಷ್ಟರಲ್ಲಿ ನಾನು ಸೈಕಲ್ ಬಿಟ್ಟು ಬಂದು ಬೆಂಚಿನ ಮೇಲೆ ಕುಳಿತಿದ್ದೆ. ಬೇಗ ಬಂದದ್ದಕ್ಕಿಂತ ನಾನು ಬಂದ ದಾರಿ ಎಂಥದ್ದು ಎಂಬುದನ್ನೇ ಅವರಿಗೆ ಹೇಳಬೇಕೆನಿಸಿತು.

ಎಲ್ಲಿಂದ ಎಲ್ಲಿಗೆ

ಹೌನ್ಸ್ಲೋ ಕಡೆಯವರು ಪಿಕಡಿಲಿ ಮಾರ್ಗದ ರೈಲಿನಲ್ಲಿ ನೇರವಾಗಿ ಹೈಡ್ ಪಾರ್ಕ್ ಕಾರ್ನರ್‌ಗೆ ಬಂದಿಳಿಯಬಹುದು. ಅಲ್ಲೇ ಕೆಂಪು ಸೈಕಲ್ಲಿನ ನಿಲ್ದಾಣ. ಅಲ್ಲಿಂದ ಸಿ3 ಎಂಬ ಸೈಕಲ್ ಪಥ ಹೊರಡುತ್ತದೆ. ಲಂಡನ್ನಿಗೆ ಹೊಸಬರಾದವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ. ವೆಲಿಂಗ್ಟನ್ ಕಮಾನಿನ ಬಳಿ ರಸ್ತೆ ದಾಟಲು ಸೈಕಲ್‌ಗೇ ಬೇರೆ ಸಿಗ್ನಲ್. ಅಲ್ಲಿಯ ಕಂಬಗಳಲ್ಲಿ ತಲೆಗಿಂತ ಎತ್ತರದಲ್ಲಿ ಒಂದು ಗುಂಡಿ ಕಂಡು, ಯಾರ ಕೈಗೆ ಎಟುಕುತ್ತದೆ ಇದು ಎಂದು ಯೋಚಿಸುತ್ತಾ ನಿಂತೆ. ಅದು ಕುದುರೆ ಸವಾರರಿಗೆ. ಕುದುರೆಯಿಂದ ಇಳಿಯದೆ ಒತ್ತಲಿ ಎಂದು.

ಕಮಾನು ದಾಟಿದರೆ ಕಾನ್‌ಸ್ಟಿಟ್ಯೂಶನ್ ಹಿಲ್. ಹೆಸರು ಗುಡ್ಡ, ನಮಗೆ ಸಿಗುವುದು ಇಳಿಜಾರು. ಎಡಕ್ಕೆ ಗ್ರೀನ್ ಪಾರ್ಕಿನ ಮರಗಳು, ಬಲಕ್ಕೆ ಅರಮನೆಯ ತೋಟದ ಉದ್ದನೆಯ ಗೋಡೆ. ಕೆಳಗೆ ಬಕಿಂಗ್‌ಹ್ಯಾಮ್ ಅರಮನೆ. ಕಾವಲು ಪಡೆ ಬದಲಾಗುವ ಹೊತ್ತಿಗೆ, ಬೆಳಿಗ್ಗೆ ಹನ್ನೊಂದರ ಆಸುಪಾಸಿನಲ್ಲಿ, ಅಲ್ಲಿ ಜನಜಂಗುಳಿ. ಇಳಿದು ತಳ್ಳಿಕೊಂಡು ಹೋಗುವುದೇ ಮೇಲು. ಮುಂದೆ ಬರ್ಡ್‌ಕೇಜ್ ವಾಕ್, ಎಡಬದಿಗೆ ಸೇಂಟ್ ಜೇಮ್ಸ್ ಪಾರ್ಕ್. ಕೊನೆಯಲ್ಲಿ ಪಾರ್ಲಿಮೆಂಟ್ ಚೌಕ. ಬಿಡುವಾಗಿ ತುಳಿದರೂ ಹದಿನೈದು ನಿಮಿಷ. ಆ್ಯಬಿ ಆರ್ಚರ್ಡ್ ಸ್ಟ್ರೀಟಿನ ನಿಲ್ದಾಣದಲ್ಲಿ ಸೈಕಲ್ ಬಿಡಬಹುದು.

ಅಲ್ಲಿಂದ ಮುಂದಿನ ತುಂಡನ್ನು ಕನ್ನಡಿಗರು ನಡೆದೇ ಹೋಗಲಿ ಎಂಬುದು ನನ್ನ ಆಸೆ. ಪಾರ್ಲಿಮೆಂಟಿನ ಪಕ್ಕದ ವಿಕ್ಟೋರಿಯಾ ಟವರ್ ಗಾರ್ಡನ್ಸ್ ಹಾದು, ಲ್ಯಾಂಬೆತ್ ಸೇತುವೆ ದಾಟಿ, ನದಿಯ ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ತೋಟಕ್ಕೆ ಬಂದರೆ ಅಲ್ಲಿ ಬಸವಣ್ಣನವರ ಪ್ರತಿಮೆ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪನೆಯಾದ ಇದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದರು. ಸೇತುವೆಯ ಆ ತುದಿಯಲ್ಲಿ ವಾಹನಗಳ ಓಟ ಜೋರು, ಹೊಸಬರಿಗೆ ಸೈಕಲ್ ಮೇಲೆ ಅದು ಬೇಡ. ನಡೆಯಲು ಹೇಳಿದ್ದಕ್ಕೆ ಅದೂ ಒಂದು ಕಾರಣ. ನಾವು ಹೋದಾಗ ಮಧ್ಯಾಹ್ನ ಮೂರು ಗಂಟೆ. ನಮ್ಮ ಯಜಮಾನರು ಚಪ್ಪಲಿ ಬಿಟ್ಟು ಕೈ ಮುಗಿದರು. ಪಕ್ಕದಲ್ಲಿ ಊಟದ ಡಬ್ಬಿ ತೆರೆದಿದ್ದ ಕಚೇರಿಯ ಹುಡುಗಿಯೊಬ್ಬಳು, ಇವರು ಯಾರು ಎಂದು ಕೇಳಿದಳು. ಹನ್ನೆರಡನೆಯ ಶತಮಾನದವರು, ನಮ್ಮ ಊರಿನ ಕಡೆಯವರು ಎಂದು ಆರಂಭಿಸಿ, ಅನುಭವ ಮಂಟಪದವರೆಗೆ ನನಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ತಿನ್ನುವುದನ್ನು ನಿಲ್ಲಿಸಿ ಕೇಳಿದಳು.

ಇನ್ನೂ ಉತ್ಸಾಹವಿದ್ದರೆ ಮರಳಿ ಪಾರ್ಲಿಮೆಂಟಿನ ಬದಿಗೆ ಬಂದು, ಸಿ3 ಪಥದಲ್ಲೇ ಥೇಮ್ಸ್ ದಂಡೆಗುಂಟ ಲಂಡನ್ ಟವರ್‌ವರೆಗೆ ಹೋಗಬಹುದು. ನಾಲ್ಕು ಕಿಲೋಮೀಟರಿಗೆ ತುಸು ಹೆಚ್ಚು, ಇಪ್ಪತ್ತು ನಿಮಿಷದ ಮಾತು. ಕಾರುಗಳಿಗೂ ನಮಗೂ ನಡುವೆ ಕಲ್ಲಿನ ಅಂಚು ಇದೆ. ಆದರೆ ಈ ಪಥ ಎರಡು ದಿಕ್ಕಿನದು. ಎದುರಿನಿಂದ ಕಚೇರಿಯವರು ಬಿರುಸಾಗಿ ಬರುತ್ತಾರೆ. ಎಡ ಅಂಚು ಬಿಡಬೇಡಿ, ಫೋಟೊಗೆಂದು ಪಥದ ಮೇಲೆ ನಿಲ್ಲಬೇಡಿ.

ಟವರ್‌ನಿಂದಾಚೆ ಗ್ರೀನಿಚ್‌ಗೆ ಹೋಗುವ ಆಸೆಯಿದ್ದವರಿಗೆ ಇನ್ನೊಂದು ಮಾತು. ಗ್ರೀನಿಚ್‌ನಲ್ಲಿ ಕೆಂಪು ನಿಲ್ದಾಣವಿಲ್ಲ. ನದಿಯ ಈಚೆ ದಡದ ಸಾಂಡರ್ಸ್ ನೆಸ್ ರೋಡಿನಲ್ಲಿ ಸೈಕಲ್ ಬಿಟ್ಟು, 1902ರಲ್ಲಿ ತೆರೆದ ಕಾಲುದಾರಿಯ ಸುರಂಗದಲ್ಲಿ ಥೇಮ್ಸ್ ನದಿಯ ಅಡಿಯಲ್ಲಿ ನಡೆದು ಆಚೆ ಮೇಲೇರಿದರೆ ಕಟಿ ಸಾರ್ಕ್ ಹಡಗಿನ ಪಕ್ಕದಲ್ಲೇ ನಿಂತಿರುತ್ತೀರಿ. ದಾರಿ ಉದ್ದ, ನಡುವೆ ಒಮ್ಮೆ ಸೈಕಲ್ ಬದಲಿಸಿಕೊಳ್ಳಿ.

ಹೊರಡುವ ಮೊದಲು

ಭಾರತದಲ್ಲೇ ಮಾಡಿಕೊಳ್ಳಬೇಕಾದ ಕೆಲಸ: ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ವ್ಯವಹಾರವನ್ನು ಚಾಲೂ ಮಾಡಿಸಿ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿರುತ್ತದೆ. ಆ್ಯಪ್‌ನಲ್ಲಿ ಕಾರ್ಡ್ ಸೇರಿಸುವಾಗ ಒಟಿಪಿ ನಮ್ಮ ಭಾರತದ ನಂಬರಿಗೇ ಬರುತ್ತದೆ. ಆ ಸಿಮ್‌ಗೆ ರೋಮಿಂಗ್ ಇರಲಿ. ಮಕ್ಕಳ ಕಾರ್ಡನ್ನೇ ಬಳಸುವುದಾದರೆ ಯಂತ್ರದಲ್ಲಿ ಒಂದೇ ಕಾರ್ಡಿಗೆ ನಾಲ್ಕು ಸೈಕಲ್‌ವರೆಗೆ ಸಿಗುತ್ತವೆ.

ರಸ್ತೆಯ ನಿಯಮದಲ್ಲಿ ಮೂರನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಫುಟ್‌ಪಾತ್ ಮೇಲೆ ತುಳಿದರೆ 50 ಪೌಂಡ್ ದಂಡ. ಹಳದಿ ಗೋಳದ ದೀಪ ಮಿನುಗುವ ಜೀಬ್ರಾ ಪಟ್ಟಿಯಲ್ಲಿ ನಡೆಯುವವರು ಕಾಲಿಟ್ಟರೆ ಸೈಕಲ್ಲೂ ನಿಲ್ಲಲೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಿಗ್ನಲ್‌ನಲ್ಲಿ ನಿಂತ ಲಾರಿಯ ಎಡಬದಿಯ ಸಂದಿಗೆ ಎಂದೂ ನುಗ್ಗಬೇಡಿ. ನಮ್ಮೂರಿನ ಅಭ್ಯಾಸದಲ್ಲಿ ಕಾಲು ತಾನೇ ಆ ಕಡೆ ಹೋಗುತ್ತದೆ. ಲಾರಿ ಎಡಕ್ಕೆ ತಿರುಗಿದರೆ ಚಾಲಕನಿಗೆ ನೀವು ಕಾಣುವುದೇ ಇಲ್ಲ. ಹೆಲ್ಮೆಟ್ ಕಾನೂನಿನ ಪ್ರಕಾರ ಕಡ್ಡಾಯವಲ್ಲ, ಬಾಡಿಗೆ ಸೈಕಲ್ಲಿನ ಜೊತೆ ಸಿಗುವುದೂ ಇಲ್ಲ. ಮನೆಯಲ್ಲಿ ಮಕ್ಕಳದ್ದಿದ್ದರೆ ಎತ್ತಿಕೊಂಡು ಹೋಗಿ.

ಹೊತ್ತನ್ನೂ ನೋಡಿಕೊಳ್ಳಿ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆವರೆಗೆ ವಾಟರ್ಲೂ ರೈಲು ನಿಲ್ದಾಣದ ಬಳಿ ಸೈಕಲ್ ಖಾಲಿ, ಸಿಟಿ ಕಡೆ ಬಿಡಲು ಜಾಗವಿಲ್ಲ. ಸಂಜೆ ಇದೇ ತಿರುವುಮುರುವು. ಹತ್ತರಿಂದ ನಾಲ್ಕರವರೆಗೆ ಸಲೀಸು. ಬಿಸಿಲಿನ ಭಾನುವಾರವಾದರೆ ಹೈಡ್ ಪಾರ್ಕ್ ಕಾರ್ನರ್‌ನ ನಿಲ್ದಾಣ ಸಂಜೆ ಹೊತ್ತಿಗೆ ತುಂಬಿಹೋಗುತ್ತದೆ. ಅಂಥ ದಿನ ನಾನು ಗ್ರೀನ್ ಪಾರ್ಕಿನ ಬಳಿಯೇ ಸೈಕಲ್ ಬಿಟ್ಟು, ದೀಪ ಹಸಿರಾದದ್ದನ್ನು ನೋಡಿ, ಅಲ್ಲಿಂದಲೇ ಹೌನ್ಸ್ಲೋ ರೈಲು ಹತ್ತುತ್ತಿದ್ದೆ. ಅದೂ ಪಿಕಡಿಲಿ ಮಾರ್ಗವೇ.